ನಾನು ಹಿಡಿದಿದ್ದ ದಾರ

ಇದನ್ನು ಬರೆಯಲು ನಲವತ್ತು ವರ್ಷಕ್ಕಿಂತ ಹೆಚ್ಚು ತಡಮಾಡಿದ್ದೇನೆ. ಸಮಯ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿವೃತ್ತನಾದ ಮೇಲೆ ನನ್ನ ಬಳಿ ಸಮಯ ಬಿಟ್ಟು ಬೇರೇನೂ ಇಲ್ಲ. ಗುಬ್ಬಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಬಿದರೆಹಳ್ಳ ಕಾವಲ್ ಕಡೆಗೆ ಹೋಗುವ ಹೆಲಿಕಾಪ್ಟರ್ ಕಾರ್ಖಾನೆಯ ಬಸ್ಸುಗಳನ್ನು ನೋಡುತ್ತಾ, ಹಳೆಯ ಸಂಗತಿಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸಿದ್ದೇನೆ. ಕೆಲಸ ಸಿಕ್ಕಿದ್ದು ಬರೆದೆ, ಮದುವೆಯಾದದ್ದು ಬರೆದೆ, ಸಾಹೇಬರ ಜೊತೆ ಜಗಳವಾಡಿ ಗೆದ್ದದ್ದನ್ನಂತೂ ಎರಡು ಸಲ ಬರೆದೆ. ಈ ಒಂದು ಸಂಗತಿ ಬಂದಾಗ ಮಾತ್ರ ಹಾಳೆ ತಿರುಗಿಸಿ ಮುಂದಕ್ಕೆ ಹೋಗುತ್ತಿದ್ದೆ.

ಹೋದ ತಿಂಗಳು ಕುಣಿಗಲ್ ತಾಲ್ಲೂಕಿನ ನನ್ನ ಹಳೆಯ ಹೈಸ್ಕೂಲಿನಿಂದ ಫೋನು ಬಂತು. ಹೊಸ ಮುಖ್ಯೋಪಾಧ್ಯಾಯಿನಿ ಮಾತಾಡಿದರು. "ಸಾರ್, ಶಾಲೆ ಸಂಚಿಕೆ ತರ್ತಾ ಇದೀವಿ. ಮಕ್ಕಳ ಸಾಧನೆ ಎಲ್ಲಾ ನಿಮ್ಮ ಕಾಲದಲ್ಲಿ ನೀವೇ ಪೇಪರ್‌ಗೆ ಬರೀತಿದ್ರಂತೆ. ಯಾವ್ದಾದ್ರೂ ಒಂದು ವರ್ಷದ ನೆನಪು ಬರ್ಕೊಡಿ."

ನನಗೆ ಖುಷಿಯಾಯಿತು. ಮರುದಿನವೇ ತುಮಕೂರಿನಲ್ಲಿ ಬಸ್ಸು ಬದಲಿಸಿ ಹೋದೆ. ವರಾಂಡದಲ್ಲಿ ಇಬ್ಬರು ಟೀಚರುಗಳು ಆ ತಿಂಗಳ ಶಾಲಾ ಸುದ್ದಿಯನ್ನು ಬೋರ್ಡಿಗೆ ಅಂಟಿಸುತ್ತಿದ್ದರು. ಸ್ಟೀಲಿನ ಬಟ್ಟಲಲ್ಲಿ ಮೈದಾ ಅಂಟು. ಈಗಲೂ ಅದನ್ನೇ ಕಾಯಿಸುತ್ತಾರೆ, ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಈಗಲೂ ಹಾಕುತ್ತಾರೆ. ಆ ಹುಳಿಹುಳಿ ವಾಸನೆ ಮೂಗಿಗೆ ಬಡಿಯಿತು. ಹೆಡ್‌ಮಿಸ್ ಕೋಣೆಗೆ ಹೋದರೆ ಗೋಡೆಯ ಮೇಲೆ ಗಾಜಿನ ಚೌಕಟ್ಟು. ಒಳಗೆ ಟೀ ಬಣ್ಣಕ್ಕೆ ತಿರುಗಿದ ಒಂದು ಪತ್ರಿಕೆಯ ತುಣುಕು. ಅಂಟಿಸಿದವನು ನಾನು. ಬರೆದವನೂ ನಾನು.

"ಎಂಟ್ನೂರು ಮೀಟರ್‌ನಲ್ಲಿ ತಾಲ್ಲೂಕಿಗೇ ಫಸ್ಟ್ ಬಂದ ಈ ಹುಡುಗಿ ಈಗ ಎಲ್ಲಿದಾರೆ ಸಾರ್? ಗೊತ್ತಿದ್ರೆ ಹೇಳಿ, ಕರೆಸಿ ಸನ್ಮಾನ ಮಾಡೋಣ."

"ವಿಚಾರಿಸಿ ಹೇಳ್ತೀನಮ್ಮ" ಎಂದೆ. ಕೊಟ್ಟ ಕಾಫಿ ಕುಡಿಯಲಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ತೀರ್ಮಾನ ಮಾಡಿದೆ. ಕೇಳಿದ್ದಾರೆ, ಬರೆಯುತ್ತೇನೆ. ಆದರೆ ಬರೆಯುವುದಾದರೆ ಆ ವರ್ಷವನ್ನೇ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿ ಆ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ಅಕ್ಷರ ಮುತ್ತಿನಂತಿತ್ತು. ಜಂಬಕ್ಕೆ ಹೇಳುತ್ತಿಲ್ಲ, ಇಡೀ ತಾಲ್ಲೂಕಿನ ಪ್ರಶಸ್ತಿ ಪತ್ರಗಳನ್ನು ನನ್ನ ಕೈಲೇ ಬರೆಸುತ್ತಿದ್ದರು. ತುಮಕೂರಿನ ಒಂದು ದಿನಪತ್ರಿಕೆಗೆ ನಮ್ಮ ಭಾಗದ ಸುದ್ದಿ ಕಳಿಸುವ ಕೆಲಸವನ್ನೂ ಇಟ್ಟುಕೊಂಡಿದ್ದೆ. ಸಂಬಳ ಇರಲಿಲ್ಲ. ಸುದ್ದಿಯ ಮೇಲೆ "ನಮ್ಮ ವರದಿಗಾರರಿಂದ" ಎಂದು ಹಾಕುತ್ತಿದ್ದರು. ಆ ಎರಡು ಪದಕ್ಕಾಗಿ ನಾನು ಮೈಲಿಗಟ್ಟಲೆ ಸೈಕಲ್ ತುಳಿದಿದ್ದೇನೆ.

ಆ ವರ್ಷ ನಮ್ಮ ಶಾಲೆಗೆ ಮುಟ್ಟಿದ್ದೆಲ್ಲ ಕೈಗೂಡಿತು. ಮುಂಗಾರಿನಲ್ಲಿ ಫಲಿತಾಂಶ ಬಂದಾಗ ನಮ್ಮ ಇಬ್ಬರು ಹುಡುಗರು ಪ್ರಥಮ ದರ್ಜೆ. ಗಣೇಶನ ಹಬ್ಬ ಕಳೆದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಸೈಕಲ್ ಚಕ್ರದಿಂದ ನೀರೆತ್ತುವ ಯಂತ್ರ ಮಾಡಿ ತುಮಕೂರಿನ ವಸ್ತುಪ್ರದರ್ಶನಕ್ಕೆ ಹೋಗಿ ಬಂದ. ವಾಲಿಬಾಲಿನಲ್ಲಿ ನಮ್ಮವರು ಪೇಟೆ ಶಾಲೆಯವರನ್ನು ಸೋಲಿಸಿದರು. ಒಂದೊಂದನ್ನೂ ನಾನು ಬರೆದೆ. ನಾಲ್ಕು ಸಾಲು ಬಂದರೆ ಸಾಕು, ಅಂದು ಬೆಳಿಗ್ಗೆ ಪ್ರಾರ್ಥನೆಯಾದ ಕೂಡಲೇ ಹೆಡ್‌ಮಾಸ್ಟರು ಪೇಪರನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಓದುವರು. ಮಕ್ಕಳು ಚಪ್ಪಾಳೆ ತಟ್ಟುವರು. ನಾನು ಆಫೀಸಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನಮ್ಮ ಕಡೆಯ ಅಪ್ಪಂದಿರು ಅಂಕಪಟ್ಟಿಯನ್ನು ನಂಬುತ್ತಿರಲಿಲ್ಲ, ಮೇಷ್ಟ್ರ ಮಾತನ್ನೂ ಅಷ್ಟಕ್ಕಷ್ಟೆ. ಅಚ್ಚಾಗಿ ಬಂದದ್ದನ್ನು ನಂಬುತ್ತಿದ್ದರು.

ಸುದ್ದಿ ಕಳಿಸುವ ಒಂದು ಕ್ರಮವಿತ್ತು. ಮಧ್ಯಾಹ್ನ ಮೂರೂಮುಕ್ಕಾಲಿಗೆ ಕುಣಿಗಲ್ ಬಸ್ ನಿಲ್ದಾಣದಿಂದ ತುಮಕೂರಿಗೆ ಒಂದು ಬಸ್ಸು. ಕಂಡಕ್ಟರ್ ಬಾಷಾ ಸಾಬರ ಕೈಗೆ ಕವರ್ ಕೊಟ್ಟರೆ ಸಂಜೆಗೆ ಪತ್ರಿಕಾ ಕಚೇರಿಗೆ ಮುಟ್ಟುತ್ತಿತ್ತು. ಆ ಬಸ್ಸು ತಪ್ಪಿದರೆ ಸುದ್ದಿ ಒಂದು ದಿನ ಹಳಸಿದಂತೆ, ಹಳಸಿದ್ದನ್ನು ಅವರು ಹಾಕುತ್ತಿರಲಿಲ್ಲ. ಆದರೆ ನಮ್ಮ ಸಮಾರಂಭಗಳು ಮುಗಿಯುತ್ತಿದ್ದದ್ದು ಐದಕ್ಕೋ ಆರಕ್ಕೋ. ಹಾಗಾಗಿ ನಾನು ಮೊದಲೇ ಬರೆದಿಡುತ್ತಿದ್ದೆ. ಅತಿಥಿಗಳು ಬರುವ ಮುಂಚೆಯೇ ಅವರು ಮಕ್ಕಳಿಗೆ ಕರೆ ನೀಡಿಯಾಗಿರುತ್ತಿತ್ತು. ಒಮ್ಮೆ ಒಬ್ಬ ಅತಿಥಿಯ ಜೀಪು ಕೆಟ್ಟು ಅವರು ಬರಲೇ ಇಲ್ಲ. ಮಾರನೆಯ ದಿನ ಪೇಪರಿನಲ್ಲಿ ಅವರ ಭಾಷಣ. ನಾನು ಹೆದರಿಕೊಂಡು ಅವರ ಮನೆಗೆ ಹೋದರೆ, ಅವರು ಪೇಪರ್ ಮಡಿಚಿಡುತ್ತಾ, "ಚೆನ್ನಾಗೇ ಮಾತಾಡಿದೀನಿ ಕಣ್ರೀ! ಇನ್ಮುಂದೆ ಹಿಂಗೇ ಮಾಡಿ, ಓಡಾಟ ತಪ್ತದೆ" ಎಂದು ನಕ್ಕರು. ಅಲ್ಲಿಗೆ ನನ್ನ ಹೆದರಿಕೆಯೂ ಹೋಯಿತು.

ಹಾಗೆ ರಾಗಿ ಕೊಯ್ಲಿನ ಕಾಲ ಬಂತು. ಬೆಳಿಗ್ಗೆ ಹೊತ್ತು ಹುತ್ರಿದುರ್ಗದ ಬೆಟ್ಟ ಮಂಜಿನಲ್ಲಿ ಅರ್ಧ ಮುಳುಗಿರುತ್ತಿತ್ತು. ರಸ್ತೆಯ ಮೇಲೆ ರಾಗಿ ತೆನೆ ಹರಡಿರುತ್ತಿದ್ದರು, ಬಸ್ಸಿನ ಚಕ್ರವೇ ಕಣ ತುಳಿಯುತ್ತಿತ್ತು. ಆ ಬೆಟ್ಟದ ತಪ್ಪಲಿನ ಒಂದು ಹಟ್ಟಿಯಿಂದ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ದಿನಾ ಶಾಲೆಗೆ ಬರುತ್ತಿದ್ದಳು. ನಾಲ್ಕು ಮೈಲಿ. ಬೆಳಿಗ್ಗೆ ಹೊಲದ ಕೆಲಸ ಮುಗಿಸಿ ಹೊರಡಬೇಕಾದ್ದರಿಂದ ನಡೆದರೆ ಬೆಲ್ಲು ತಪ್ಪುತ್ತಿತ್ತು. ಅದಕ್ಕೆ ಓಡಿ ಬರುತ್ತಿದ್ದಳು, ಪುಸ್ತಕದ ಚೀಲವನ್ನು ಬೆನ್ನಿಗೆ ಟವೆಲ್ಲಿನಿಂದ ಬಿಗಿದುಕೊಂಡು. ಅವಳ ಹೆಸರನ್ನು ಈಗಲೇ ಬರೆಯುವುದಿಲ್ಲ. ಅದಕ್ಕೊಂದು ಜಾಗ ಇಟ್ಟುಕೊಂಡಿದ್ದೇನೆ.

ಶಾಲೆಯಲ್ಲಿ ಓಟಕ್ಕೆ ಹೆಸರಾದವಳು ಅವಳಲ್ಲ, ಪ್ರೇಮಕುಮಾರಿ. ಶಾಲಾ ಸಮಿತಿಯ ಅಧ್ಯಕ್ಷರ ಮಗಳು. ಎರಡು ವರ್ಷ ಸತತವಾಗಿ ತಾಲ್ಲೂಕಿಗೆ ಮೊದಲು ಬಂದಿದ್ದಳು. ಒಳ್ಳೆಯ ಹುಡುಗಿ, ಕೊಬ್ಬಿರಲಿಲ್ಲ. ಇಬ್ಬರೂ ಒಂದೇ ಬೆಂಚಿನವರು.

ತಾಲ್ಲೂಕು ಕ್ರೀಡಾಕೂಟದ ದಿನ ಶುಕ್ರವಾರ. ಕುಣಿಗಲ್ ಮೈದಾನದಲ್ಲಿ ನಾನು ಫಲಿತಾಂಶ ಬರೆದುಕೊಳ್ಳುವ ಮೇಜಿನ ಹಿಂದೆ ಕುಳಿತಿದ್ದೆ. ಬೆಳಿಗ್ಗೆಯೇ ಆ ಹುಡುಗಿ ಬಂದು ಮೇಜಿನ ಪಕ್ಕ ನಿಂತಳು.

"ಸಾ, ನಾನ್ ಗೆದ್ರೆ ನನ್ ಹೆಸ್ರು ಪೇಪರ್ನಾಗೆ ಬತ್ತದಾ ಸಾ?"

"ಗೆದ್ದೋರ ಹೆಸರು ಹಾಕ್ದೆ ಇನ್ಯಾರ ಹೆಸರು ಹಾಕ್ತಾರಮ್ಮ? ಯಾಕೆ?"

"ನಮ್ಮಪ್ಪ ಹಂಗಂದೈತೆ ಸಾ. ಯಡಿಯೂರ್ ಕಡೆಯಿಂದ ಗಂಡು ಬಂದೈತೆ. ನಾನ್ ಒಲ್ಲೆ, ಟಿ.ಸಿ.ಎಚ್. ಮಾಡಿ ಟೀಚರ್ ಆಯ್ತೀನಿ ಅಂದೆ. ಅಂಗಾರೆ ನಿನ್ ಹೆಸ್ರು ಪೇಪರ್ನಾಗೆ ಬರ್ಲಿ, ಗಂಡಿನೋರ್ಗೆ ನಾನೇ ಇಲ್ಲ ಅಂತೀನಿ, ತುಮ್ಕೂರ್ಗೂ ನಾನೇ ಕಳಿಸ್ತೀನಿ ಅಂದ. ನನ್ನ ಅಣಕಿಸಾಕೇ ಅಂದಿದ್ದು ಸಾ. ಆದ್ರೆ ಮಾತು ಮಾತೇ ಅಲ್ವಾ?"

"ಮೊದ್ಲು ಓಡು. ಹೆಸರು ನನ್ನ ಜವಾಬ್ದಾರಿ" ಎಂದೆ. ಹೀಗೇ ಅಂದೆ. ಒಂದಕ್ಷರ ಹೆಚ್ಚು ಕಡಿಮೆ ಮಾಡುತ್ತಿಲ್ಲ.

ಬಾಲಕಿಯರ ಎಂಟುನೂರು ಮೀಟರ್ ಎರಡೂವರೆಗೆ ಎಂದು ಪಟ್ಟಿಯಲ್ಲಿತ್ತು. ನಮ್ಮ ಕಡೆ ಯಾವುದು ಹೊತ್ತಿಗೆ ಸರಿಯಾಗಿ ನಡೆದಿದೆ? ಮೂರೂವರೆಯಾದರೂ ಗಂಡು ಹುಡುಗರ ಕಬಡ್ಡಿಯ ಜಗಳವೇ ಮುಗಿದಿರಲಿಲ್ಲ. ಬಸ್ಸು ಹೊರಡುವ ಹೊತ್ತು. ನನ್ನ ಜೇಬಿನಲ್ಲಿ ಕವರ್ ಸಿದ್ಧವಿತ್ತು, ಹಿಂದಿನ ರಾತ್ರಿಯೇ ಬರೆದದ್ದು: ಸತತ ಮೂರನೇ ವರ್ಷವೂ ನಮ್ಮ ಶಾಲೆಯ ಪ್ರೇಮಕುಮಾರಿ ಪ್ರಥಮ. ಆ ಸಾಲನ್ನು ಹೊಡೆದುಹಾಕಿ, ಉಳಿದದ್ದನ್ನು ಕಳಿಸಬಹುದಿತ್ತು. ಆದರೆ ಅದೇ ಸುದ್ದಿಯ ತಲೆ, ಅದಿಲ್ಲದಿದ್ದರೆ ಉಳಿದದ್ದು ಬರೀ ಪಟ್ಟಿ. ಪ್ರೇಮಳನ್ನು ಸೋಲಿಸುವವರು ತಾಲ್ಲೂಕಿನಲ್ಲಿ ಯಾರಿದ್ದಾರೆ ಎಂದುಕೊಂಡೆ. ಸೈಕಲ್ ಹತ್ತಿ ಹೋಗಿ ಬಾಷಾ ಸಾಬರ ಕೈಗೆ ಕೊಟ್ಟೆ.

"ಆಟ ಮುಗೀತಾ ಸಾರ್?" ಎಂದರು ಅವರು.

"ಮುಗೀತು ಅಂತ್ಲೇ ಇಟ್ಕೊಳಿ."

"ನಿಮ್ದು ಬಸ್ಸಿಗಿಂತ ಫಾಸ್ಟು ಬುಡಿ!" ಎಂದು ಸೀಟಿ ಊದಿದರು.

ಓಟ ಶುರುವಾದಾಗ ನಾಲ್ಕೂವರೆ. ಕೊನೆಯ ಗೆರೆಯಲ್ಲಿ ದಾರ ಹಿಡಿಯಬೇಕಿದ್ದ ಮೇಷ್ಟ್ರೊಬ್ಬರು ಟೀಗೆ ಹೋಗಿದ್ದರು. ನಮ್ಮ ಡ್ರಿಲ್ ಮೇಷ್ಟ್ರು ಹನುಮಂತರಾಯಪ್ಪ ನನ್ನನ್ನು ಕೂಗಿದರು. ಕೆಂಪು ಉಲ್ಲನ್ ದಾರ. ಒಂದು ತುದಿಯನ್ನು ಅವರು ಹಿಡಿದರು, ಇನ್ನೊಂದು ತುದಿಯನ್ನು ನಾನು ತೋರುಬೆರಳಿಗೆ ಎರಡು ಸುತ್ತು ಸುತ್ತಿಕೊಂಡೆ. ಎರಡು ಸುತ್ತಿನ ಓಟ. ಮೊದಲ ಸುತ್ತಿನಲ್ಲಿ ಆ ಹುಡುಗಿ ಪ್ರೇಮಳ ಬೆನ್ನಿಗೇ ಇದ್ದಳು. ಹಾಗೆ ಓಡು, ಗಾಳಿ ಹೊಡೆಯಲ್ಲ ಎಂದು ಪ್ರೇಮಳೇ ಹೇಳಿಕೊಟ್ಟಿದ್ದಳಂತೆ. ಎರಡನೇ ಸುತ್ತಿನ ಅರ್ಧದಲ್ಲಿ, ಶಾಲೆಯ ಬೆಲ್ಲು ಕೇಳಿಸಿತೋ ಎನ್ನುವಂತೆ ಪಕ್ಕಕ್ಕೆ ಬಂದು ಮುಂದಕ್ಕೆ ಹೋದಳು. ಹಿಂದಿರುಗಿ ನೋಡಲಿಲ್ಲ. ನನ್ನ ಬೆರಳು ಜಗ್ಗಿತು. ದಾರ ಅವಳ ಎದೆಗೆ ಅಂಟಿಕೊಂಡು ಹತ್ತು ಮಾರು ದೂರ ಹೋಯಿತು. ಪ್ರೇಮ ಬಂದು ಅವಳನ್ನು ತಬ್ಬಿಕೊಂಡು, "ಏನ್ ಓಡ್ತೀಯೇ ಕತ್ತೆ! ಗಾಳಿ ತಡ್ಕೊಟ್ರೆ ನನ್ನೇ ಸೋಲಿಸ್ದಲ್ಲೇ!" ಎಂದು ಏದುಸಿರಿನಲ್ಲೇ ನಕ್ಕಳು.

ಗೆದ್ದವಳು ನನ್ನ ಕಡೆ ನೋಡಿದಳು. ನಾನೂ ನಗುತ್ತಾ ತಲೆಯಾಡಿಸಿದೆ. ಆಮೇಲೆ ಕವರಿನ ನೆನಪಾಯಿತು.

ಐದು ಗಂಟೆಗೆ ಪೋಸ್ಟಾಫೀಸಿಗೆ ಹೋಗಿ ತುಮಕೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಮುಕ್ಕಾಲು ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ಆ ಕಡೆ ಉಪಸಂಪಾದಕರು. ನಾನು ಹೆಸರು ಹೇಳುತ್ತಿದ್ದಂತೆ ಅವರೇ ಜೋರಾಗಿ, "ಬಂತು ಕಣ್ರೀ ಕವರು! ಮೂರು ವರ್ಷ ಸತತ ಅಂದ್ರೆ ಸುಮ್ನೇನಾ? ಫಸ್ಟ್ ಪೇಜಿಗೆ ತಗೊಂಡಿದೀವಿ, ಬಾಕ್ಸ್ ಕಟ್ಟಿ. ನಿಮ್ಮನ್ನ ನೋಡಿ ಕಲೀರಿ ಅಂತ ಈಗ ತಾನೆ ಇಲ್ಲಿ ಹೇಳ್ತಿದ್ದೆ. ಏನು ಹೇಳಿ?" ಎಂದರು.

ಓಟ ನಡೆಯುವ ಮೊದಲೇ ಬರೆದು ಕಳಿಸಿದ್ದೆ ಎಂದು ಹೇಳಬೇಕಿತ್ತು. ಬೆರಳಲ್ಲಿ ಕೆಂಪು ದಾರದ ತುಂಡು ಇನ್ನೂ ಇತ್ತು. ಅದನ್ನು ನೋಡುತ್ತಲೇ ನಾನು, "ಏನಿಲ್ಲ ಸಾರ್, ಕವರು ತಲುಪ್ತಾ ಅಂತ ಕೇಳೋಣ ಅಂತ" ಎಂದೆ.

ಪತ್ರಿಕೆಯ ಮೊದಲ ಪುಟ ನನ್ನ ಬಾಳಿನಲ್ಲಿ ಅದೊಂದೇ ಸಲ ಸಿಕ್ಕಿದ್ದು. ಅದಕ್ಕೆ ಕೊಟ್ಟ ಬೆಲೆ ನನ್ನದಾಗಿರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಹಿಂದಿನ ದಿನ ಮೈದಾನಕ್ಕೆ ಬಂದಿರದ ಹೆಡ್‌ಮಾಸ್ಟರು ಪೇಪರನ್ನು ಅಗಲವಾಗಿ ಹಿಡಿದು ಓದಿದರು. ಪ್ರೇಮಳ ಹೆಸರು ಬಂದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ. ಓಟವನ್ನು ಕಣ್ಣಾರೆ ಕಂಡಿದ್ದ ಮಕ್ಕಳೂ ತಟ್ಟಿದರು. ಅಚ್ಚಾಗಿದೆಯಲ್ಲ, ತಾವು ಕಂಡದ್ದೇ ತಪ್ಪಿರಬೇಕು ಎಂದುಕೊಂಡರೇನೋ. ಡ್ರಿಲ್ ಮೇಷ್ಟ್ರು ನನ್ನ ಬಳಿ ಬಂದು ಪಿಸುಗುಟ್ಟಿದರು: "ಏನ್ರೀ ಇದು?"

"ಅವಸರದಲ್ಲಿ ಆಗೋಯ್ತು."

ಅವರು ಅಧ್ಯಕ್ಷರ ಮನೆಯ ಕಡೆ ಒಮ್ಮೆ ನೋಡಿದರು. "ಹೋಗ್ಲಿ ಬುಡಿ. ಇಬ್ರೂ ನಮ್ಮ ಸ್ಕೂಲೋರೇ. ಯಾರ್ ಬಂದ್ರೂ ಹೆಸರು ನಮ್ಗೇ ಅಲ್ವಾ?"

ಆ ಮಾತು ನನಗೆ ಬೇಕಾಗಿತ್ತು. ಎರಡು ಕೈಯಲ್ಲಿ ತೆಗೆದುಕೊಂಡೆ.

ಹನ್ನೊಂದು ಗಂಟೆಗೆ ಶಾಲೆ ಬಿಡುವ ಹೊತ್ತಿಗೆ ಅವಳ ಅಪ್ಪ ಆಫೀಸಿನ ಬಾಗಿಲಿಗೆ ಬಂದ. ಕೊಯ್ಲನ್ನು ಬಿಟ್ಟು ಬಂದಿದ್ದ, ತಲೆಯ ವಸ್ತ್ರದಲ್ಲಿ ರಾಗಿಯ ಹೊಟ್ಟಿತ್ತು. ಕೈಯಲ್ಲಿ ಮಡಿಚಿದ ಪೇಪರು. ಪಕ್ಕದಲ್ಲಿ ಮಗಳು.

"ಬುದ್ದೀ, ನಾನ್ ಓದ್ದೋನಲ್ಲ. ಟೀ ಅಂಗ್ಡಿ ರಂಗಣ್ಣನ ಕೈಲಿ ಎರಡ್ ಸತಿ ಓದಿಸ್ದೆ. ಇವ್ಳ ಹೆಸ್ರೇ ಇಲ್ವಂತೆ. ಇವ್ಳು ನೋಡುದ್ರೆ ನಾನೇ ಗೆದ್ದೆ ಅಂತ ನಿನ್ನೆ ಕೇರಿಗೆಲ್ಲಾ ಬೆಲ್ಲ ಹಂಚವ್ಳೆ. ಯಾವ್ದು ದಿಟ ಅಂತ ನೀವೇ ಯೋಳ್ಬೇಕು."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಗಳು ಹೇಳಿದ್ದೇ ನಿಜವಾಗಲಿ ಎಂಬ ಆಸೆಯಿತ್ತು. ಅದು ನನಗೆ ಆಗಲೂ ಗೊತ್ತಾಯಿತು. ಆ ಮನುಷ್ಯ ಅಣಕಕ್ಕೆ ಆಡಿದ್ದ ಮಾತನ್ನು ಉಳಿಸಿಕೊಳ್ಳಲು ಬಂದಿದ್ದ.

ನಾನು ಹೇಳಿದೆ: "ಪೇಪರಲ್ಲಿ ಬಂದಿರೋದನ್ನ ನಾನು ಹೆಂಗಪ್ಪ ಇಲ್ಲ ಅನ್ಲಿ?"

ಅವನು ಪೇಪರನ್ನು ಇನ್ನೊಂದು ಸಲ ಮಡಿಚಿದ. ಆಮೇಲೆ ಮಗಳ ಕಡೆ ತಿರುಗಿದ. "ನಾಕ್ ಮೈಲಿ ಓಡೋಡಿ ಬಂದು ಕಲ್ತಿದ್ದು ಇದಾ? ಸುಳ್ಳು ಯೋಳಾದಾ?"

ಅವಳು ನನ್ನನ್ನೇ ನೋಡಿದಳು. "ಸಾ, ದಾರ ನಿಮ್ ಕೈಯಾಗೇ ಇತ್ತಲ್ವಾ ಸಾ?"

ನಾನು ಹಾಜರಿ ಪುಸ್ತಕ ತೆಗೆದು ಮುಂದಿಟ್ಟುಕೊಂಡೆ. "ಹೊತ್ತಾಯ್ತು, ಹೋಗಮ್ಮ" ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವಸರದ ತಪ್ಪು ಎನ್ನಬಹುದಿತ್ತು. ನಿಲ್ಲಿಸಲಿಲ್ಲ. ಸೋಮವಾರ ಪ್ರಶಸ್ತಿ ಪತ್ರಗಳ ಕಟ್ಟು ಬಂತು. ಅವು ಶಿಕ್ಷಣ ಇಲಾಖೆಯ ಸಾಹೇಬರ ಸಹಿ ಆಗಿಯೇ ಖಾಲಿ ಬರುತ್ತಿದ್ದವು, ಹೆಸರು ತುಂಬುವುದು ನನ್ನ ಕೆಲಸ. ಪೆನ್ಸಿಲಿನಲ್ಲಿದ್ದ ಫಲಿತಾಂಶದ ಹಾಳೆಯನ್ನು ಶಾಯಿಯಲ್ಲಿ ನಕಲು ಮಾಡುವುದೂ ನನ್ನದೇ. ಪತ್ರಿಕೆಗೆ ಒಂದು ತಿದ್ದುಪಡಿ ಬರೆಯುವ ಬದಲು, ಪತ್ರಿಕೆಗೆ ಹೊಂದುವಂತೆ ಉಳಿದದ್ದನ್ನೆಲ್ಲ ತಿದ್ದಿದೆ. ಪ್ರಥಮ, ಪ್ರೇಮಕುಮಾರಿ. ಅವಳಿಗೆ ದ್ವಿತೀಯ. ನನ್ನ ಅಕ್ಷರ ಅಂದು ಎಂದಿಗಿಂತ ಚೆನ್ನಾಗಿ ಬಂದಿತ್ತು.

ಪ್ರೇಮ ತನ್ನ ಪತ್ರವನ್ನು ತಂದು ಮೇಜಿನ ಮೇಲಿಟ್ಟು, "ಇದು ನಂದಲ್ಲ ಸಾರ್" ಎಂದಳು. "ಇಬ್ರೂ ಒಂದೇ ಸ್ಕೂಲಲ್ವೇನಮ್ಮಾ, ನಿಮ್ಮಪ್ಪನ ಕೈಲಿ ಕೊಡು, ಖುಷಿ ಪಡ್ತಾರೆ" ಎಂದು ವಾಪಸು ಕಳಿಸಿದೆ. ಮೊದಲು ಬಂದವರು ಮಾತ್ರ ಜಿಲ್ಲಾ ಕೂಟಕ್ಕೆ. ಪ್ರೇಮ ಅಳುತ್ತಲೇ ತುಮಕೂರಿಗೆ ಹೋಗಿ ಆರನೆಯವಳಾಗಿ ಬಂದಳು. ನಾನು "ಉತ್ತಮ ಪ್ರದರ್ಶನ" ಎಂದು ಸುದ್ದಿ ಬರೆದೆ.

ಸಂಕ್ರಾಂತಿ ಕಳೆದ ವಾರ ಅವಳ ಅಪ್ಪ ವರ್ಗಾವಣೆ ಪತ್ರ ಕೇಳಿಕೊಂಡು ಬಂದ. ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಹೆಡ್‌ಮಾಸ್ಟರು, "ಪರೀಕ್ಷೆ ಒಂದು ಮುಗಿಸ್ಲಿ ಬಿಡಪ್ಪ" ಎಂದು ಎಷ್ಟೋ ಹೇಳಿದರು. "ಬ್ಯಾಡ ಬುದ್ದಿ, ಮಾತಾಗೋಗೈತೆ" ಎಂದನಷ್ಟೆ. ಆ ಪತ್ರವನ್ನು ಬರೆದವನೂ ನಾನೇ. ನಡತೆ: ಉತ್ತಮ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ. ಆ ಎರಡನೇ ಕಾಲಂ ತುಂಬುವಾಗ ನನ್ನ ಕೈ ನಡುಗಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ನಡುಗಲಿಲ್ಲ.

ಅವಳನ್ನು ಆಮೇಲೆ ಒಂದೇ ಸಲ ಕಂಡೆ. ಎಂಬತ್ತರ ದಶಕದ ನಡುಭಾಗ. ನಾನು ಕಚೇರಿ ಕೆಲಸಕ್ಕೆಂದು ಕುಣಿಗಲ್‌ನಿಂದ ಯಡಿಯೂರು ಕಡೆಗೆ ಹೋಗುತ್ತಿದ್ದೆ. ಬಸ್ಸು ನಿಲ್ದಾಣ ಬಿಟ್ಟಾಗಿತ್ತು. ಹಿಂದಿನಿಂದ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಎತ್ತಿಕೊಂಡು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ ಓಡಿ ಬರುತ್ತಿದ್ದಳು. "ಬಿಡಪ್ಪ, ಸಿಕ್ಕಲ್ಲ" ಎಂದು ಯಾರೋ ಅಂದರು. ನನಗೆ ಮಾತ್ರ ಗೊತ್ತಿತ್ತು, ಅವಳಿಗೆ ಬಸ್ಸು ಸಿಕ್ಕುತ್ತದೆ ಎಂದು. ಆ ಓಟವನ್ನು ನಾನು ನೋಡಿದ್ದೆ. ಹತ್ತಿ ಬಂದು ನನ್ನ ಎದುರಿನ ಸೀಟಿನಲ್ಲೇ ಕುಳಿತಳು.

"ಸಾ, ಚೆನ್ನಾಗಿದೀರಾ?" ಎಂದಳು. ಉಸಿರು ಕೂಡ ಏರಿರಲಿಲ್ಲ. ಎತ್ತಿಕೊಂಡು ತಂದಿದ್ದ ಐದು ವರ್ಷದ ಮಗಳಿಗೆ ನನ್ನನ್ನು ತೋರಿಸಿದಳು. "ಇವ್ರು ನಮ್ ಸ್ಕೂಲ್ ಸಾರು ಕಣೇ. ನಾನ್ ಓಡ್ದಾಗ ದಾರ ಹಿಡ್ಕಂಡಿದ್ರು ಅಂತಿರ್ತೀನಲ್ಲ, ಇವ್ರೇಯ."

ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿತು. "ನಮ್ಮವ್ವ ಗೆದ್ದಿದ್ದು ದಿಟವಾ?"

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಆ ಮಗುವಿಗೆ ಅವಳು ಹೇಳಿದ್ದನ್ನು ಕೇಳಿ ಯಾರು ಯಾರು ನಕ್ಕಿದ್ದರೋ.

"ಹೂಂ. ದಿಟ" ಎಂದೆ.

ಅಷ್ಟೇ ಅಂದೆ. ಯಡಿಯೂರು ಇನ್ನೂ ಅರ್ಧ ಗಂಟೆಯ ದಾರಿ ಇತ್ತು. ಅರ್ಧ ಗಂಟೆ ನಾನು ಮೊಣಕಾಲ ಮೇಲಿನ ಫೈಲು ನೋಡುತ್ತಾ ಕುಳಿತೆ. ಅವಳು ಇಳಿಯುವಾಗ "ಬತ್ತೀನಿ ಸಾ" ಎಂದಳು. ಮಗು ಮಾತ್ರ ಬಸ್ಸು ಹೊರಡುವವರೆಗೂ ನನಗೆ ಕೈ ಬೀಸಿತು.

ಮೊನ್ನೆ ವಿಚಾರಿಸಿದೆ. ಅವಳು ಯಡಿಯೂರು ಕಡೆ ಮದುವೆಯಾಗಿ ಹೋದ ಊರಲ್ಲೇ ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ, ಮಗಳು ಟೀಚರ್ ಆಗಿದ್ದಾಳೆ. ಇಷ್ಟಾದರೂ ಏಕೆ ಇನ್ನೂ ಹೋಗಿಲ್ಲ ಎಂದರೆ, ಬರಿಗೈಯಲ್ಲಿ ಹೋಗಲಾರೆ. ಅವಳಿಂದ ನಾನು ಕಸಿದದ್ದು ಬಾಯಿಮಾತಲ್ಲ, ಅಚ್ಚಾದ ಅಕ್ಷರ. ಅದನ್ನು ಅಚ್ಚಿನಲ್ಲೇ ಹಿಂತಿರುಗಿಸಬೇಕು. ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿದ್ದೇನೆ, ಇದರಲ್ಲಿ ಒಂದು ಸಾಲನ್ನೂ ತೆಗೆಯಬೇಡಿ, ಗೋಡೆಯ ಆ ಚೌಕಟ್ಟಿನಿಂದ ಹಳೆಯ ತುಣುಕನ್ನು ಕಿತ್ತು ಈ ಪುಟದ ಕೊನೆಯನ್ನು ಕತ್ತರಿಸಿ ಹಾಕಿ ಎಂದು. ಅಂಟನ್ನು ನಾನೇ ಕಾಯಿಸಿಕೊಡುತ್ತೇನೆ. ಸಂಚಿಕೆ ಕೈಗೆ ಬಂದ ದಿನ ಯಡಿಯೂರು ಬಸ್ಸು ಹತ್ತುತ್ತೇನೆ. ಅವಳು ಬಾಗಿಲು ತೆಗೆಯುತ್ತಾಳೋ ಹಾಕಿಕೊಳ್ಳುತ್ತಾಳೋ, ಅದು ಅವಳಿಗೆ ಬಿಟ್ಟದ್ದು.

ಈ ಸುದ್ದಿಯನ್ನು ಓಟ ಮುಗಿದ ಮೇಲೆ ಬರೆದಿದ್ದೇನೆ.

ಕುಣಿಗಲ್, ನಮ್ಮ ವರದಿಗಾರರಿಂದ: ಇಲ್ಲಿನ ಮೈದಾನದಲ್ಲಿ ಶುಕ್ರವಾರ ನಡೆದ ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಬಾಲಕಿಯರ ಎಂಟುನೂರು ಮೀಟರ್ ಓಟವನ್ನು ಗೆದ್ದವರು ನಮ್ಮ ಹೈಸ್ಕೂಲಿನ ಹತ್ತನೇ ತರಗತಿಯ ವಿದ್ಯಾರ್ಥಿನಿ, ಹುತ್ರಿದುರ್ಗದ ತಪ್ಪಲಿನ ರೈತ ಕೆಂಪಯ್ಯನವರ ಪುತ್ರಿ, ಕೆ. ಸಿದ್ದಗಂಗಮ್ಮ.